ಕುಂಚ ಹಿಡಿದ ಕೈಯ ಉಬ್ಬುಶಿಲ್ಪ

ಕೆ. ವೆಂಕಟಪ್ಪ ಎಂದರೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಊಟಿಯ ಮಂಜು ಮುಸುಕಿದ ಜಲವರ್ಣ ಚಿತ್ರಗಳು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅವರು ಮಾಡಿದ ಉಬ್ಬುಶಿಲ್ಪಗಳಿಗೂ ಅಷ್ಟೇ ಗೌರವ ಸಲ್ಲಬೇಕು. ಈ ಎರಡೂ ಒಂದೇ ಬೇರಿನವು ಎಂಬುದು ನಮ್ಮ ಅಭಿಪ್ರಾಯ.

ಅವರದು ಮೈಸೂರಿನ ಚಿತ್ರಗಾರರ ಮನೆತನ. ಮೈಸೂರು ಶೈಲಿಯ ಚಿತ್ರ ಬರೆಯುವವರು ಹುಣಸೆ ಕಡ್ಡಿಯ ಇದ್ದಿಲಿನಲ್ಲಿ ರೇಖೆ ಎಳೆದು, ಆಭರಣ, ಸೀರೆಯಂಚು, ಮಂಟಪಗಳ ಮೇಲೆ 'ಮಕ್ಕಿ ಸಫೇದ'ದ ಕೆಲಸ ಮಾಡುತ್ತಾರೆ. ಬಿಳಿ ಪುಡಿ, ಮಕ್ಕಿ ಎಂಬ ಹಳದಿ ರಾಳ, ಅಂಟು ಸೇರಿಸಿ ಅರೆದ ಈ ಲೇಪವನ್ನು ಸಣ್ಣ ಕುಂಚದಿಂದ ಪದರ ಪದರವಾಗಿ ಏರಿಸಬೇಕು. ಅಂಟು ಹೆಚ್ಚಾದರೆ ಒಣಗುವಾಗ ಬಿರುಕು ಬಿಡುತ್ತದೆ, ಕಡಿಮೆಯಾದರೆ ಪುಡಿಯಾಗಿ ಉದುರುತ್ತದೆ. ಮೇಲೆ ಚಿನ್ನದ ರೇಕು ಕೂರಿಸಿ, ತೆಳು ಕಾಗದ ಹೊದಿಸಿ, ನುಣುಪು ಕಲ್ಲಿನಿಂದ ಉಜ್ಜುತ್ತಾರೆ. ತಂಜಾವೂರು ಶೈಲಿಯಲ್ಲಿ ಉಬ್ಬು ದಪ್ಪ. ಮೈಸೂರಿನದು ಬೆರಳಿಗೆ ತಿಳಿಯುವಷ್ಟು ಮಾತ್ರ. ಇಷ್ಟು ಸಣ್ಣ ಎತ್ತರದಲ್ಲೇ ನೆರಳು ಮೂಡಿಸುವ ಕೈಗೆ ಉಬ್ಬುಶಿಲ್ಪ ಪರಕೀಯವಾಗಲು ಸಾಧ್ಯವೇ?

1909ರಲ್ಲಿ ವೆಂಕಟಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಚಿತ್ರಕಾರ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಅಲ್ಲಿಯ 'ವಾಶ್' ಪದ್ಧತಿಗೆ ಜಪಾನಿನ ಚಿತ್ರಕಾರ ಯೊಕೊಯಾಮಾ ತೈಕಾನ್ ಅವರ ಪ್ರಭಾವವಿತ್ತು. ಬಣ್ಣ ಪೂರ್ತಿ ಒಣಗಿದ ಮೇಲೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ನೀರು ಹೀರಿಸಿ, ಚಪ್ಪಟೆ ಕುಂಚದಿಂದ ತೆಳುವಾದ ಬಣ್ಣ ಹಾಯಿಸಿ, ಒಣಗಿಸಿ, ಮತ್ತೆ ಇದನ್ನೇ ಮಾಡಬೇಕು. ಅವಸರಪಟ್ಟರೆ ಕೆಳಗಿನ ಬಣ್ಣ ಎದ್ದು ಇಡೀ ಹಾಳೆ ಕೆಸರಾಗುತ್ತದೆ. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತ ವೆಂಕಟಪ್ಪನವರಿಗೆ ಈ ತಾಳ್ಮೆ ಒಗ್ಗಿತ್ತು.

ಇನ್ನು ಪ್ಲಾಸ್ಟರ್. ಕೈಯಾಡಿಸಬೇಕೆನ್ನುವವರಿಗಾಗಿ, ಇಂದಿಗೂ ರೂಢಿಯಲ್ಲಿರುವ ಒಂದು ವಿಧಾನ ಇದು. ಹಲಗೆಯ ಮೇಲೆ ಜೇಡಿಮಣ್ಣಿನಲ್ಲಿ ಮೂರ್ತಿ ಸಿದ್ಧವಾದ ಮೇಲೆ, ಅದರ ಮೇಲೆ ಬಣ್ಣ ಬೆರೆಸಿದ ಪ್ಲಾಸ್ಟರಿನ ತೆಳು ಪದರ, ಅದರ ಮೇಲೆ ಬಿಳಿ ಪ್ಲಾಸ್ಟರಿನ ದಪ್ಪ ಪದರ ಹಾಕುತ್ತಾರೆ. ಈ ಪದರಗಳೇ ಅಚ್ಚು. ಗಟ್ಟಿಯಾದ ಮೇಲೆ ಮಣ್ಣು ತೆಗೆದು, ಅಚ್ಚಿನ ಒಳಮೈಗೆ ಸಾಬೂನು ನೀರು ಸವರಿ ಪ್ಲಾಸ್ಟರ್ ಹೊಯ್ಯುತ್ತಾರೆ. ಒಂದು ಕಿಲೋಗೆ ಸುಮಾರು 700 ಮಿ.ಲೀ. ನೀರು ಸಾಕು. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿಯಬಾರದು. ಸುರಿದರೆ ಗಂಟು ಕಟ್ಟುತ್ತದೆ. ಜೋರಾಗಿ ಕಲಕಿದರೆ ಗಾಳಿಗುಳ್ಳೆ ಸೇರಿ ಮೂಗು, ಬೆರಳ ತುದಿಗಳಲ್ಲಿ ತೂತು ಬೀಳುತ್ತದೆ. ಗಟ್ಟಿಯಾಗತೊಡಗಿದ್ದನ್ನು ನೀರು ಹಾಕಿ ಸಡಿಲಿಸಿದರೆ ಬಲವೇ ಇರುವುದಿಲ್ಲ. ಕೊನೆಗೆ ಉಳಿಯಿಂದ ಅಚ್ಚನ್ನು ಒಡೆಯುವಾಗ ಬಣ್ಣದ ಪದರ ಕಂಡೊಡನೆ ಕೈ ನಿಧಾನಿಸಬೇಕು, ಶಿಲ್ಪ ಅದರ ಕೆಳಗೇ ಇದೆ. ಅಚ್ಚು ಹೋಯಿತು, ಮಣ್ಣೂ ಹೋಯಿತು. ಉಳಿಯುವುದು ಒಂದೇ ಪ್ರತಿ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಗ್ಯಾಲರಿ ಅವರ ಹೆಸರನ್ನೇ ಹೊತ್ತಿದೆ. ಅವರ ಉಬ್ಬುಶಿಲ್ಪ ಎಲ್ಲೇ ನೋಡಸಿಕ್ಕರೂ ಒಂದು ಪಕ್ಕಕ್ಕೆ ಸರಿದು, ಓರೆಯಾಗಿ ಬೀಳುವ ಬೆಳಕಿನಲ್ಲಿ ನೋಡಿ. ಎದುರಿನಿಂದ ಮೊಬೈಲಿನ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ನೆರಳೆಲ್ಲ ಅಳಿಸಿ, ಬಟ್ಟೆಯ ಮಡಿಕೆಗಳೂ ಕಾಣುವುದಿಲ್ಲ.