ನಾಮಿನಿ ಇದ್ದರೂ ಕೋರ್ಟಿಗೆ ಅಟ್ಟುವುದೇಕೆ?

ಮಾನ್ಯ ಸಂಪಾದಕರೇ,

ಬ್ಯಾಂಕಿನ ಸಂತೆಬೀದಿ ಶಾಖೆಯಲ್ಲಿ, ತೀರಿಕೊಂಡವರ ಖಾತೆಯ ಹಣ ಕೇಳಲು ಹೋದ ವೃದ್ಧೆಯನ್ನು ಉತ್ತರಾಧಿಕಾರ ಪ್ರಮಾಣಪತ್ರ ತರಲು ಹೇಳಿ ಅಲೆದಾಡಿಸಿದ ಬಗ್ಗೆ ನಿಮ್ಮ ಪತ್ರಿಕೆಯ ಸೋಮವಾರದ ವರದಿ ಓದಿದೆ. ನಿನ್ನೆ ಅದೇ ಶಾಖೆಯ ಅದೇ ಕೌಂಟರಿನಲ್ಲಿ ನನ್ನ ಅಕ್ಕನಿಗೂ ಅದೇ ಉತ್ತರ ಸಿಕ್ಕಿತು. ವರದಿ ಬಂದ ಮೇಲೂ ಅವರಿಗೆ ಏನೂ ಅನ್ನಿಸಿಲ್ಲ.

ಭಾವ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವರ ಉಳಿತಾಯ ಖಾತೆಗೆ ಅಕ್ಕನೇ ನಾಮಿನಿ ಎಂದು ಪಾಸ್‌ಬುಕ್ಕಿನಲ್ಲೇ ಮುದ್ರಿತವಾಗಿದೆ. ಮರಣ ಪ್ರಮಾಣಪತ್ರ, ಆಧಾರ್ ಎಲ್ಲವನ್ನೂ ಮುಂದಿಟ್ಟರೆ ‘ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ’ ಎಂದರು, ಅಂದರೆ ಕೋರ್ಟು ಕೊಡುವ ಉತ್ತರಾಧಿಕಾರ ಪ್ರಮಾಣಪತ್ರ. ಹಿಂದಿನ ಸಲ ಹೋದಾಗ ‘ಲೀಗಲ್ ಹೇರ್ ಸರ್ಟಿಫಿಕೇಟ್’, ಅಂದರೆ ವಾರಸುದಾರರು ಯಾರೆಂದು ತೋರಿಸುವ ಕಾಗದ, ಕೇಳಿದ್ದವರೂ ಇವರೇ. ಅದನ್ನು ನಂಬಿ ನಾಡಕಚೇರಿಗೆ ಅಲೆದು ವಂಶವೃಕ್ಷ ಮಾಡಿಸಿಕೊಂಡು ಹೋಗಿದ್ದೆವು. ಅದನ್ನು ಬಿಡಿಸಿಯೂ ನೋಡದೆ ‘ಎರಡೂ ಒಂದೇ, ಕೋರ್ಟಿನದ್ದು ತನ್ನಿ’ ಎಂದರು. ಎರಡೂ ಒಂದೇ ಆಗಿದ್ದರೆ ಕೈಯಲ್ಲಿದ್ದದ್ದನ್ನು ಹಿಂದಿರುಗಿಸಿದ್ದೇಕೆ?

ಎರಡೂ ಒಂದಲ್ಲ. ವಂಶವೃಕ್ಷ ಎಂದರೆ ಸತ್ತವರಿಗೆ ಯಾರು ಯಾರಿದ್ದಾರೆ ಎಂದು ಕಂದಾಯ ಇಲಾಖೆ ಬರೆದುಕೊಡುವ ಕಾಗದ. ಸಕ್ಸೆಷನ್ ಸರ್ಟಿಫಿಕೇಟ್ ಕೊಡುವುದು ಸಿವಿಲ್ ನ್ಯಾಯಾಲಯ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ. ಅದಕ್ಕೆ ವಕೀಲರು ಬೇಕು, ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಬೇಕು, ನೋಟಿಸು ಹೊರಡಬೇಕು, ತಿಂಗಳುಗಟ್ಟಲೆ ಕಾಯಬೇಕು. ನಿಮ್ಮ ವರದಿಗಾರರು ಕೂಡ ‘ಉತ್ತರಾಧಿಕಾರ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆದಾಟ’ ಎಂದು ಬರೆದಿದ್ದಾರೆ. ನಾಡಕಚೇರಿ ಅದನ್ನು ಕೊಡುವುದೇ ಇಲ್ಲ. ಪತ್ರಿಕೆಯೂ ಹೀಗೆ ಬರೆದರೆ ಜನ ಯಾರನ್ನು ಕೇಳಬೇಕು?

ಅಸಲಿಗೆ ಅಕ್ಕನಿಗೆ ಇವೆರಡೂ ಬೇಕಾಗಿಲ್ಲ. ನಾಮಿನಿ ಇರುವ ಖಾತೆಗೆ, ನ್ಯಾಯಾಲಯದ ತಡೆಯಾಜ್ಞೆ ಇಲ್ಲದಿದ್ದರೆ, ಮೊತ್ತ ಎಷ್ಟೇ ಇರಲಿ ಸಕ್ಸೆಷನ್ ಸರ್ಟಿಫಿಕೇಟ್ ಕೇಳಕೂಡದು ಎಂದು ರಿಸರ್ವ್ ಬ್ಯಾಂಕ್ 2005ರ ಜೂನ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ದಾಖಲೆ ಸರಿಯಿದ್ದರೆ 15 ದಿನಗಳೊಳಗೆ ಹಣ ಕೊಡಬೇಕೆಂದೂ ಅದರಲ್ಲಿದೆ. ಇದನ್ನು ಮ್ಯಾನೇಜರರಿಗೆ ಹೇಳಿದಾಗ ‘ನಾಮಿನಿ ಆದ ಮಾತ್ರಕ್ಕೆ ಹಣ ಅವರದ್ದಾಗುವುದಿಲ್ಲ’ ಎಂದು ನನಗೇ ಪಾಠ ಹೇಳಿದರು. ಆ ಮಾತು ಸರಿ, ಅದನ್ನು ಹೇಳಿದ ಜಾಗ ತಪ್ಪು. ನಾಮಿನಿ ಹಣವನ್ನು ಬ್ಯಾಂಕಿನಿಂದ ಪಡೆಯುವವರು, ವಾರಸುದಾರರು ಅದರ ಒಡೆತನ ಇರುವವರು. ವಿಮೆಯ ವಿಷಯದಲ್ಲಿ 1984ರಲ್ಲೂ ಬ್ಯಾಂಕ್ ಠೇವಣಿಯ ವಿಷಯದಲ್ಲಿ 2010ರಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಪಡೆದ ಹಣದಲ್ಲಿ ಮಕ್ಕಳ ಪಾಲು ಎಷ್ಟು ಎಂಬುದು ಮನೆಯವರು ತೀರ್ಮಾನಿಸಿಕೊಳ್ಳಬೇಕಾದ್ದು. ಬ್ಯಾಂಕಿನ ಕೆಲಸ ನಾಮಿನಿಯ ಕೈಗೆ ಹಣ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳುವುದು. ಅಷ್ಟು ಗೊತ್ತಿದ್ದೂ ಅವರು ಅಕ್ಕನನ್ನು ಕೋರ್ಟಿಗೆ ಅಟ್ಟುತ್ತಾರೆ ಎಂದರೆ ಅದು ಅಜ್ಞಾನವಲ್ಲ, ದರ್ಪ.

ಇನ್ನೊಂದು ಠೇವಣಿಯದ್ದೂ ಇದೇ ಪಾಡು. ಅದು ಭಾವ, ಅಕ್ಕ ಇಬ್ಬರ ಹೆಸರಿನಲ್ಲಿ ‘ಐದರ್ ಆರ್ ಸರ್ವೈವರ್’ ಎಂದು ಇಟ್ಟದ್ದು, ಅವಧಿಯೂ ಮುಗಿದಿದೆ. ಹಾಗೆಂದರೆ ಇಬ್ಬರಲ್ಲಿ ಯಾರಾದರೂ ಪಡೆಯಬಹುದು, ಒಬ್ಬರು ಹೋದರೆ ಉಳಿದವರು ಪಡೆಯಬಹುದು. ಅದನ್ನು ‘ಜಾಯಿಂಟ್ಲಿ’, ಅಂದರೆ ಇಬ್ಬರೂ ಸೇರಿಯೇ ಪಡೆಯಬೇಕು, ಎಂದು ಓದಿ, ಮಕ್ಕಳೆಲ್ಲ ಬಂದು ಸಹಿ ಹಾಕಬೇಕು ಎನ್ನುತ್ತಾರೆ. ಒಬ್ಬ ಮಗ ಮಸ್ಕತ್‌ನಲ್ಲಿದ್ದಾನೆ. ತಾಯಿಯ ಹೆಸರಿನಲ್ಲೇ ಇರುವ ಹಣಕ್ಕಾಗಿ ಅವನು ರಜೆ ಹಾಕಿ ವಿಮಾನ ಹತ್ತಿ ಬರಬೇಕೇ?

ಅಕ್ಕನಿಗೆ ಮಂಡಿನೋವು. ಶಾಖೆ ಇರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಟೋಕನ್ ಯಂತ್ರ ಕೆಟ್ಟಿದೆ, ಕುಡಿಯುವ ನೀರಿಲ್ಲ, ಇರುವ ಕುರ್ಚಿಗಳ ಮೇಲೆ ಹಳೆಯ ಕಡತಗಳ ಕಟ್ಟು. ಊಟದ ವಿರಾಮ ಮುಗಿಯುವವರೆಗೆ ಅವಳು ಗೋಡೆಗೆ ಒರಗಿ ನಿಂತಿದ್ದಳು. ಚರಂಡಿಗೆಂದು ರಸ್ತೆ ಅಗೆದು ಹಾಗೇ ಬಿಟ್ಟಿರುವುದರಿಂದ ಆಟೋದವರು ವೃತ್ತದಲ್ಲೇ ಇಳಿಸುತ್ತಾರೆ, ಅಲ್ಲಿಂದ ಅವಳು ಆ ಬಿಸಿಲಿನಲ್ಲಿ ಕುಂಟುತ್ತಾ ಬರಬೇಕು. ನಗರಸಭೆಯವರಿಗೆ ಆ ರಸ್ತೆ ಕಾಣುವುದು ಚುನಾವಣೆ ಬಂದಾಗ ಮಾತ್ರ.

ಕಚೇರಿಗಳ ಈ ಚಾಳಿ ಇಂದಿನದಲ್ಲ. ಅಕ್ಕನ ಕುಟುಂಬ ಪಿಂಚಣಿಯ ಅರ್ಜಿಗೆ ‘ಅಟೆಸ್ಟೆಡ್’ ಪ್ರತಿ ಕೊಟ್ಟರೆ ‘ಸರ್ಟಿಫೈಡ್’ ಬೇಕು ಎಂದರು, ಅದನ್ನು ತಂದಾಗ ನೋಟರಿಯ ಮುದ್ರೆ ಎಲ್ಲಿ ಎಂದರು. ಮೂಲವನ್ನು ನೋಡಿ ಅಧಿಕಾರಿ ಸಹಿ ಹಾಕಿದ ಜೆರಾಕ್ಸ್ ‘ಅಟೆಸ್ಟೆಡ್’, ಮೂಲ ದಾಖಲೆ ಇರುವ ಕಚೇರಿಯೇ ಕೊಡುವ ದೃಢೀಕೃತ ನಕಲು ‘ಸರ್ಟಿಫೈಡ್’. ಪ್ರತಿಗೆ ಅರ್ಜಿದಾರರೇ ಸಹಿ ಹಾಕಿದರೆ ಸಾಕೆನ್ನುವ ಸ್ವಯಂ ದೃಢೀಕರಣ ಜಾರಿಗೆ ತರಬೇಕೆಂದು ಕೇಂದ್ರದ ಆಡಳಿತ ಸುಧಾರಣಾ ಇಲಾಖೆ 2013ರಲ್ಲೇ ಕೇಳಿಕೊಂಡಿದ್ದರೂ ನಮ್ಮೂರಿನಲ್ಲಿ ಇಂದಿಗೂ ಗೆಜೆಟೆಡ್ ಅಧಿಕಾರಿಗಳ ಮನೆ ಬಾಗಿಲು ಕಾಯಬೇಕು.

2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಠೇವಣಿಯಲ್ಲಿ ಇಂತಿಷ್ಟು ಪಾಲು ಎಂದು ಒಟ್ಟಿಗೇ ಹೆಸರಿಸಿದರೆ ‘ಸೈಮಲ್ಟೇನಿಯಸ್’, ಒಬ್ಬರ ನಂತರ ಒಬ್ಬರು ಎಂದರೆ ‘ಸಕ್ಸೆಸಿವ್’. ‘ಸಕ್ಸೆಷನ್’ ಎಂದರೇನೆಂದು ತಿಳಿಯದವರ ಕೈಗೆ ಈಗ ‘ಸಕ್ಸೆಸಿವ್’ ಕೂಡ ಸೇರಿದೆ. ಇನ್ನೆಷ್ಟು ಹೆಂಗಸರು ಕೋರ್ಟಿನ ಮೆಟ್ಟಿಲು ಹತ್ತಬೇಕೋ!

ಬ್ಯಾಂಕಿನ ಮೇಲಧಿಕಾರಿಗಳು ಈ ಪತ್ರವನ್ನಾದರೂ ಓದಿ ಕ್ರಮ ಕೈಗೊಳ್ಳಬೇಕು. ಯಾವ ಖಾತೆಗೆ ಯಾವ ಕಾಗದ ಬೇಕು ಎಂದು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲಿ, ಇಲ್ಲವಾದರೆ ಅರ್ಥ ತಿಳಿದವರನ್ನು ಕೌಂಟರಿಗೆ ತಂದು ಕೂರಿಸಲಿ. ತಹಶೀಲ್ದಾರರೂ ಇತ್ತ ಗಮನ ಕೊಡಲಿ. ರಸ್ತೆಯಲ್ಲಿ ಅಗೆದ ಗುಂಡಿಯನ್ನೂ ಮುಚ್ಚಿಸಲಿ. ಸತ್ತವರ ಹಣಕ್ಕೆ ಬಂದವರನ್ನು ಕಳ್ಳರಂತೆ ನೋಡುವ ಇವರಿಗೆ ಸಂಬಳ ಕೊಡುತ್ತಿರುವುದು ನಮ್ಮದೇ ಠೇವಣಿ.

ಇತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ಸಂತೆಬೀದಿ