ಕೆಂಪು ಪರದೆ ಮ್ಯಾಲಿನ ಇಂಗ್ಲಿಷನ್ನ ಕನ್ನಡದಾಗ ಬಿಡಿಸಿ ಹಾಕ್ರಿ

ಸಂಪಾದಕರಿಗೆ ನಮಸ್ಕಾರ,

ಕಂಪ್ಯೂಟರಿನ್ಯಾಗ ವೈರಸ್ ಐತಿ ಅಂತ ಸುಳ್ಳ ಹೆದರಿಸಿ ರೊಕ್ಕ ಕೀಳೋ ಕೆಂಪು ಪರದೆ ಬಗ್ಗೆ ಬರಿಯಾಕತ್ತೀನ್ರಿ. ನಾನು ಗಂಗಾವತಿಯಾಗ ಒಂದು ಸಣ್ಣ ಆನ್‌ಲೈನ್ ಸೆಂಟರ್ ನಡಸ್ತೀನ್ರಿ, ಝೆರಾಕ್ಸ್, ಪಹಣಿ, ಸ್ಕಾಲರ್‌ಶಿಪ್ ಅರ್ಜಿ ಇಂಥಾವು. ಕಂಪ್ಯೂಟರ್ ರಿಪೇರಿ ನನ್ನ ಕೆಲಸ ಅಲ್ಲ, ಆದ್ರೂ ಯಾರದರ ಲ್ಯಾಪ್‌ಟಾಪ್ ಕೆಟ್ರ ಮೊದಲ ನಮ್ಮಂಥವರ ಕಡೆನ ತರ್ತಾರ. ಹೋದ ತಿಂಗಳು ನಮ್ಮ ಮಾಸ್ತರ್ರು ಬಂದಿದ್ರು, ನಾಲ್ಕನೇ ಕ್ಲಾಸಿನ್ಯಾಗ ನನಗ ಮಗ್ಗಿ ಕಲಿಸಿದವರು, ಈಗ ರಿಟೈರ್ ಆಗಿ ಕಾರಟಗಿ ಕಡೆ ಹಳ್ಳಿಯಾಗ ಅದಾರ. ಲ್ಯಾಪ್‌ಟಾಪ್ ಚೀಲ ತೊಡಿ ಮ್ಯಾಲ ಇಟ್ಕೊಂಡು ಕುಂತ್ರು, ಗಿರಾಕಿ ಎಲ್ಲಾ ಹೋಗೋತನಕ ಒಂದು ಮಾತೂ ಆಡ್ಲಿಲ್ಲ. ಆಮ್ಯಾಲ ಸಣ್ಣ ದನಿಯಾಗ "ತಮ್ಮಾ, ಐದು ವರ್ಷದ ಆಂಟಿವೈರಸ್ ತಗೊಂಡೀನಿ, ರೊಕ್ಕಾನೂ ಕೊಟ್ಟೀನಿ, ಮತ್ಯಾಕ ಕೆಂಪು ಬರಾಕತ್ತೈತಿ?" ಅಂದ್ರು.

ಎಷ್ಟು ಕೊಟ್ಟೀರಿ ಸರ್ ಅಂದೆ. ಎಂಟೂವರೆ ಸಾವಿರ ಅಂದ್ರು. ಎರಡು ತಿಂಗಳ ಹಿಂದ ಕೊಟ್ಟದ್ದು, ಮನ್ಯಾಗ ಹೆಂಡ್ತಿಗೂ ಹೇಳಿಲ್ಲ, ಮಗನಿಗೂ ಹೇಳಿಲ್ಲ.

ಆಗಿದ್ದು ಏನಂದ್ರ, ಯಾವುದೋ ಹಳೇ ಪಠ್ಯಪುಸ್ತಕದ ಪಿಡಿಎಫ್ ಹುಡುಕ್ತಾ ಒಂದು ವೆಬ್‌ಸೈಟಿಗೆ ಹೋಗ್ಯಾರ, ಅಲ್ಲಿ ನೀವು ರೋಬೋಟ್ ಅಲ್ಲ ಅಂತ ತೋರಿಸಾಕ ಅಲೋ ಒತ್ರಿ ಅಂತ ಬಂದೈತಿ, ಒತ್ಯಾರ. ಅದನ್ನ ಒತ್ತಿದ್ರ ಆ ವೆಬ್‌ಸೈಟಿಗೆ ನೋಟಿಫಿಕೇಶನ್ ಕಳಸಾಕ ಪರವಾನಗಿ ಕೊಟ್ಟಂಗ. ಅಲ್ಲಿಂದ ಶುರು ನೋಡ್ರಿ. ಲ್ಯಾಪ್‌ಟಾಪ್ ಚಾಲೂ ಮಾಡಿದ್ರ ಸಾಕು, ಬಲಗಡೆ ಕೆಳಗ ಕೆಂಪು ಡಬ್ಬಿ, ಹೆಸರಾಂತ ಆಂಟಿವೈರಸ್ ಕಂಪನಿ ಲೋಗೋ, ನಿಮ್ಮ ಕಂಪ್ಯೂಟರಿನ್ಯಾಗ ಐದು ವೈರಸ್ ಅದಾವು, ಈಗಿಂದೀಗ ರಿನ್ಯೂ ಮಾಡ್ರಿ ಅಂತ. ಒಂದಿನ ಅದನ್ನ ಒತ್ತಿದ್ದಕ್ಕ ಇಡೀ ಸ್ಕ್ರೀನ್ ತುಂಬಿ ಕೆಂಪಾಗಿ ಸೈರನ್ ಹೊಡ್ಕೊಳ್ಳಾಕತ್ತೈತಿ, ಬಂದ್ ಮಾಡಾಕ ಆಗವಲ್ದು, ನಡುವ ಒಂದು ಫೋನ್ ನಂಬರ್. ಗಾಬರಿಗೆ ಫೋನ್ ಹಚ್ಯಾರ. ಆ ಕಡೆಯವ ಹಿಂದಿಯಾಗ ಭಾಳ ಮರ್ಯಾದಿಯಿಂದ ಮಾತಾಡಿ ಎನಿಡೆಸ್ಕ್ ಅನ್ನೋ ಆ್ಯಪ್ ಹಾಕಿಸಿ, ಅಲ್ಲಿಂದನ ಇವರ ಲ್ಯಾಪ್‌ಟಾಪ್ ಕೈಗೆ ತಗೊಂಡು, ಈವೆಂಟ್ ವ್ಯೂವರ್ ಅನ್ನೋದನ್ನ ತಗದು ಸಾಲು ಸಾಲು ಕೆಂಪು ಗುರುತು ತೋರಿಸಿ ಇವೆಲ್ಲಾ ವೈರಸ್, ಇವತ್ತ ತಗಿಲಿಲ್ಲಂದ್ರ ಬ್ಯಾಂಕಿನ್ಯಾಗಿನ ರೊಕ್ಕ ಹೋಗ್ತದ ಅಂದಾನ. ಆ ಹೆದರಿಕಿಗೆ ಮಾಸ್ತರ್ರು ಐದು ವರ್ಷದ ಆಂಟಿವೈರಸ್ ಅಂತ ಅವನಿಗೆ ಎಂಟೂವರೆ ಸಾವಿರ ಕೊಟ್ಟಾರ.

ಈ ಈವೆಂಟ್ ವ್ಯೂವರ್ ಬಗ್ಗೆ ಸ್ವಲ್ಪ ಹೇಳ್ಬೇಕ್ರಿ, ಯಾಕಂದ್ರ ಎಲ್ಲಾರೂ ಬೀಳೋದು ಇಲ್ಲೇ. ವಿಂಡೋಸ್ ದಿನಾ ತನ್ನಷ್ಟಕ್ಕ ಏನೇನಾತು ಅಂತ ಬರ್ಕೊಳ್ಳೋ ವಹಿ ಅದು, ಮನ್ಯಾಗ ಹಾಲಿನ ಲೆಕ್ಕ ಬರಿತೀವಲ್ಲ ಹಂಗ. ಯಾವುದೋ ಪ್ರೋಗ್ರಾಮ್ ಸರಿಯಾಗಿ ಚಾಲೂ ಆಗ್ಲಿಲ್ಲಂದ್ರೂ ಅಲ್ಲಿ ಕೆಂಪು ಗುರುತು ಬೀಳ್ತೈತಿ. ನೆಟ್ಟಗಿರೋ ಕಂಪ್ಯೂಟರಿನ್ಯಾಗೂ ಇರ್ತೈತಿ. ಮಾಸ್ತರ್ರಿಗೆ ನನ್ನ ಅಂಗಡಿ ಕಂಪ್ಯೂಟರಿನ್ಯಾಗ ತಗದು ತೋರಿಸಿದೆ, ಅವರದಕ್ಕಿಂತ ನನ್ನದರಾಗನ ಹೆಚ್ಚಿದ್ವು. ಆಗ ಅವರ ಮಾರಿ ಸ್ವಲ್ಪ ಹಗುರಾತು.

ನಾನು ಈ ಪತ್ರ ಬರಿಯೋ ಕಾರಣ ಅವರು ಹೇಳಿದ ಒಂದು ಮಾತು. "ಎಲ್ಲಾ ಇಂಗ್ಲಿಷಿನ್ಯಾಗ ಇತ್ತಪ್ಪ, ಮ್ಯಾಲ ಮೈಕ್ರೋಸಾಫ್ಟ್ ಅಂತ ಇತ್ತು, ಸುಳ್ಳು ಹೆಂಗ ಇರ್ತೈತಿ?" ನಮ್ಮ ಕಡೆ ಇದು ದೊಡ್ಡ ಸಂಕಟ. ಬ್ಯಾಂಕ್ ನೋಟಿಸ್ ಇಂಗ್ಲಿಷ್, ಕೋರ್ಟ್ ಕಾಗದ ಇಂಗ್ಲಿಷ್, ಆಸ್ಪತ್ರಿ ರಿಪೋರ್ಟ್ ಇಂಗ್ಲಿಷ್, ಹೆದರಿಕಿ ತರೋದೆಲ್ಲಾ ಅದೇ ಭಾಷಾದಾಗ ಬಂದು ಬಂದು ಮಂದಿ ಅದನ್ನ ಓದಂಗಿಲ್ಲ, ಬಣ್ಣ ನೋಡಿ ಹೇಳಿದಂಗ ಕೇಳ್ತಾರ. ಇಂಗ್ಲಿಷ್ ಚಲೋ ಬರೋ ಮನುಷ್ಯಗ ಆ ಡಬ್ಬಿಯಾಗ ಸ್ಪೆಲ್ಲಿಂಗ್ ತಪ್ಪು ಕಾಣಬಹುದು, ನಮ್ಮವರಿಗೆ ಬರೇ ಕೆಂಪು ಮತ್ತ ಸೈರನ್.

ಇದು ಹೊಸಾ ಮೋಸ ಏನೂ ಅಲ್ಲ. ಅಮೆರಿಕದಾಗ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2008ರಾಗ ಇನ್ನೊವೇಟಿವ್ ಮಾರ್ಕೆಟಿಂಗ್ ಅನ್ನೋ ಕಂಪನಿ ಮ್ಯಾಲ ಕೇಸ್ ಹಾಕ್ತು, ವಿನ್‌ಫಿಕ್ಸರ್, ಎಕ್ಸ್‌ಪಿ ಆಂಟಿವೈರಸ್ ಅಂತ ಹೆಸರಿಟ್ಟು ಹತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ಸುಳ್ಳು ಆಂಟಿವೈರಸ್ ಮಾರಿದ್ರಂತ, ಸ್ಕ್ಯಾನ್ ಅಂತ ತೋರಿಸಿದ್ದು ಬರೇ ನಾಟಕ. 2012ರಾಗ ಕೋರ್ಟ್ 16.3 ಕೋಟಿ ಡಾಲರ್ ಕಟ್ಟಬೇಕಂತ ತೀರ್ಪು ಕೊಡ್ತು. ಇನ್ನೊಂದು ಕೇಸಂತೂ ನೀವು ಪತ್ರಿಕೆಯವರು ಓದಲೇಬೇಕಾದದ್ದು. 2010ರಾಗ ಲಾಟ್ವಿಯಾ ದೇಶದವರು ನಕಲಿ ಜಾಹೀರಾತು ಏಜೆನ್ಸಿ ಮಾಡಿ, ಹೋಟೆಲಿನ ಜಾಹೀರಾತು ಅಂತ ಹೇಳಿ ಮಿನಿಯಾಪೊಲಿಸ್ಸಿನ ಸ್ಟಾರ್ ಟ್ರಿಬ್ಯೂನ್ ಪತ್ರಿಕೆಯ ವೆಬ್‌ಸೈಟಿಗೆ ಕೊಟ್ರು. ಪತ್ರಿಕೆಯವರು ಪರೀಕ್ಷಾ ಮಾಡಿದಾಗ ಎಲ್ಲಾ ಸರಿ ಇತ್ತು, ಆಮ್ಯಾಲ ಕಳ್ಳರು ಒಳಗಿನ ಕೋಡ್ ಬದಲು ಮಾಡಿದ್ರು, ಪೇಪರ್ ಓದಾಕ ಬಂದ ಮಂದಿ ಕಂಪ್ಯೂಟರ್ ಎಲ್ಲಾ ಜಾಮ್ ಆಗಿ, 49.95 ಡಾಲರ್ ಕೊಟ್ಟು ಆಂಟಿವೈರಸ್ ತಗೋರಿ ಅಂತ ಬರಾಕ ಹತ್ತಿತು. ಅದರಾಗ ಒಬ್ಬನಿಗೆ ಶಿಕ್ಷೆ ಆಗಿದ್ದು 2018ರಾಗ, 33 ತಿಂಗಳು ಜೈಲು. ಮಂದಿ ಎಲ್ಲಕ್ಕಿಂತ ಹೆಚ್ಚು ನಂಬೋ ಜಾಗದಾಗನ ಬಲೆ ಹಾಕಿದ್ರು ಅನ್ನೋದು ನನಗ ನಿದ್ದಿ ಕೆಡಿಸಿದ ವಿಷಯ, ಯಾಕಂದ್ರ ನಮ್ಮ ಕಡೆ ಎಷ್ಟೋ ಹಳ್ಳಿಗೆ ಪೇಪರ್ ತಡಾ ಮುಟ್ತೈತಿ, ಮುಂಜಾನೆ ಮಂದಿ ಮೊಬೈಲಿನ್ಯಾಗ ನಿಮ್ಮ ವೆಬ್‌ಸೈಟೇ ಓದ್ತಾರ.

ನಮ್ಮ ದೇಶದವರೂ ಇದರಾಗ ಅದಾರ ಅಂತ ಹೇಳಾಕ ನೋವಾಗ್ತೈತಿ. 2023ರ ಅಕ್ಟೋಬರಿನ್ಯಾಗ ಸಿಬಿಐ ಆಪರೇಷನ್ ಚಕ್ರ 2 ಅಂತ ದಾಳಿ ಮಾಡಿದಾಗ ಮೈಕ್ರೋಸಾಫ್ಟ್, ಅಮೆಜಾನ್ ಹೆಸರಿನ್ಯಾಗ ವಿದೇಶದವರಿಗೆ ಹಿಂಗ ಹೆದರಿಸಿ ರೊಕ್ಕ ಕೀಳೋ ಕಾಲ್ ಸೆಂಟರುಗಳು ಸಿಕ್ವು.

ನಮ್ಮ ಅಂಗಡಿಯವರ ಬಗ್ಗೇನೂ ಹೇಳ್ತೀನಿ, ಯಾರಿಗಾದ್ರೂ ಬ್ಯಾಸರಾದ್ರೂ ಅಡ್ಡಿಯಿಲ್ಲ. ಸ್ಲೋ ಆಗೈತಿ ಅಂತ ತಂದ ಕಂಪ್ಯೂಟರಿಗೆಲ್ಲಾ ವೈರಸ್ ಹೊಕ್ಕೈತಿ ಅಂತ ಹೇಳಿ ಸಿಡಿ ಮಾರೋದನ್ನ ನಾನು ಕಣ್ಣಾರೆ ನೋಡೀನಿ. ಅಮೆರಿಕದಾಗೂ ಆಫೀಸ್ ಡಿಪೋ ಅನ್ನೋ ದೊಡ್ಡ ಅಂಗಡಿ ಮ್ಯಾಲ ಇಂಥದ್ದೇ ಆರೋಪ ಬಂದಿತ್ತು, ಶುರುವಿನ್ಯಾಗ ಕೇಳೋ ನಾಲ್ಕು ಪ್ರಶ್ನೆಯಾಗ ಒಂದಕ್ಕ ಹೌದು ಅಂದ್ರ ಸಾಕು, ಸ್ಕ್ಯಾನ್ ಏನೇ ಹೇಳಲಿ ವೈರಸ್ ಲಕ್ಷಣ ಐತಿ ಅಂತ ಬರ್ತಿತ್ತಂತ. 2019ರಾಗ ಅವರು 2.5 ಕೋಟಿ ಡಾಲರ್ ಕೊಟ್ಟು ಕೇಸ್ ಮುಗಿಸಿದ್ರು. ಗಿರಾಕಿ ನಮ್ಮನ್ನ ನಂಬಿ ಬಂದಿರ್ತಾರ್ರಿ, ಆ ಹೆದರಿಕಿ ಮ್ಯಾಲ ನಾವೂ ದುಡಿಬಾರ್ದು.

ಮಾಸ್ತರ್ರ ಲ್ಯಾಪ್‌ಟಾಪಿಗೆ ನಾನು ಮಾಡಿದ್ದು ಹತ್ತು ನಿಮಿಷದ ಕೆಲಸ. ಎನಿಡೆಸ್ಕ್ ತಗದೆ, ಕ್ರೋಮ್ ಸೆಟ್ಟಿಂಗ್ಸಿನ್ಯಾಗ ನೋಟಿಫಿಕೇಶನ್ ಅಂತ ಇರೋ ಕಡೆ ಹೋಗಿ ಆ ಗುರುತಿಲ್ಲದ ವೆಬ್‌ಸೈಟ್ ಕಿತ್ತು ಹಾಕಿದೆ, ಕೆಂಪು ಡಬ್ಬಿ ಅಲ್ಲಿಗೇ ನಿಂತ್ವು. ಆಮ್ಯಾಲ ವಿಂಡೋಸ್ ಸೆಕ್ಯುರಿಟಿಯಿಂದ ಪೂರಾ ಸ್ಕ್ಯಾನ್ ಹಚ್ಚಿದೆ, ಬ್ಯಾಂಕ್ ಪಾಸ್‌ವರ್ಡ್ ಬ್ಯಾರೆ ಮೊಬೈಲಿನಿಂದ ಬದಲು ಮಾಡಿಸಿದೆ. ಈ ವಿಂಡೋಸ್ ಸೆಕ್ಯುರಿಟಿ ಅನ್ನೋ ಆಂಟಿವೈರಸ್ ವಿಂಡೋಸ್ 10 ಮತ್ತ 11 ಎರಡರಾಗೂ ಮೊದಲ ಇರ್ತೈತಿ, ಒಂದು ರೂಪಾಯಿ ಕೊಡಬೇಕಾಗಿಲ್ಲ, ಎಷ್ಟು ಮಂದಿಗೆ ಗೊತ್ತೈತಿ ಹೇಳ್ರಿ? ಸ್ಕ್ರೀನ್ ತುಂಬಾ ಕೆಂಪು ಬಂದು ಬಂದ್ ಆಗ್ಲಿಲ್ಲಂದ್ರ ಎಸ್ಕೇಪ್ ಬಟನ್ ಒತ್ತಿ ಹಿಡಿರಿ, ಆಗ್ಲಿಲ್ಲಂದ್ರ ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಮೂರೂ ಕೂಡಿಸಿ ಒತ್ರಿ, ಆಗ ಬರೋ ಪಟ್ಟಿಯಾಗ ಬ್ರೌಸರ್ (ಕ್ರೋಮ್ ಇಂಥಾದ್ದು) ಆರಿಸಿ ಎಂಡ್ ಟಾಸ್ಕ್ ಕೊಡ್ರಿ. ಒಂದು ವೆಬ್ ಪೇಜ್ ನಿಮ್ಮ ಸಿ ಡ್ರೈವ್ (ಕಂಪ್ಯೂಟರಿನ ಫೈಲ್ ಇರೋ ಜಾಗ) ಒಳಗ ಹೊಕ್ಕು ವೈರಸ್ ಎಣಿಸಾಕ ಆಗಂಗಿಲ್ಲ, ಅಲ್ಲಿ ಓಡೋ ಸ್ಕ್ಯಾನ್ ಬರೇ ಚಿತ್ರ. ಮತ್ತ ಮೈಕ್ರೋಸಾಫ್ಟಿನ ಖರೇ ಎಚ್ಚರಿಕೆಯಾಗ ಫೋನ್ ನಂಬರ್ ಯಾವತ್ತೂ ಇರಂಗಿಲ್ಲ.

ಸೈಬರ್ ಮೋಸಕ್ಕ ಇರೋ ಸರ್ಕಾರಿ ಸಹಾಯವಾಣಿ 1930ಕ್ಕ ಫೋನ್ ಮಾಡೋಣ ಸರ್ ಅಂದ್ರ ಮಾಸ್ತರ್ರು ಒಪ್ಪವಲ್ರು, "ಊರಿಗೆ ಬುದ್ಧಿ ಹೇಳಿದವ ನಾನ ಹಿಂಗ ಮಾಡ್ಕೊಂಡೆ ಅಂದ್ರ ಏನಂದಾರು" ಅಂತ. ಆ ನಾಚಿಕಿ ನೋಡಿ ನನಗ ಅಳು ಬಂತ್ರಿ. ಕಡೀಗೆ ನಾನ ಕುಂತು ಸೈಬರ್ ಕ್ರೈಮ್ ಪೋರ್ಟಲಿನ್ಯಾಗ ಕಂಪ್ಲೇಂಟ್ ಹಾಕಿದೆ. ರೊಕ್ಕ ಬಂದಿಲ್ಲ, ಎರಡು ತಿಂಗಳಾಗಿ ಹೋಗಿತ್ತು, ಅದ ದಿನ 1930ಕ್ಕ ಹೇಳಿದ್ರ ಕಳ್ಳರ ಖಾತೆಯಾಗ ರೊಕ್ಕ ತಡೆಹಿಡಿಯೋ ದಾರಿ ಆದ್ರೂ ಇರ್ತಿತ್ತು.

ನಿಮ್ಮ ಹತ್ರ ಕೇಳೋದು ಎರಡ. ನಿಮ್ಮ ವೆಬ್‌ಸೈಟಿಗೆ ಬರೋ ಜಾಹೀರಾತನ್ನ ಒಂದು ಸಲ ಅಲ್ಲ, ಹಾಕಿದ ಮ್ಯಾಲೂ ನೋಡ್ತಾ ಇರ್ರಿ. ಇನ್ನೊಂದು, ಆ ಕೆಂಪು ಪರದೆಯ ಫೋಟೋ ಹಾಕಿ ಅದರಾಗಿನ ಒಂದೊಂದು ಇಂಗ್ಲಿಷ್ ಸಾಲಿನ ಕೆಳಗ ಅದರ ಅರ್ಥ ಕನ್ನಡದಾಗ ಬರದು, ಇದು ಸುಳ್ಳು ಅಂತ ದಪ್ಪ ಅಕ್ಷರದಾಗ ಅರ್ಧ ಪುಟ ಹಾಕ್ರಿ. ನಾನು ಕತ್ತರಿಸಿ ಅಂಗಡಿ ಬಾಗಿಲಿಗೆ ಅಂಟಸ್ತೀನಿ, ಮಾಸ್ತರ್ರು ತಮ್ಮೂರ ಪಂಚಾಯ್ತಿ ಲೈಬ್ರರಿಗೂ ಒಂದು ಪ್ರತಿ ಬೇಕು ಅಂದಾರ.

ಇಂತಿ,
ಆನ್‌ಲೈನ್ ಸೆಂಟರಿನವ
ಗಂಗಾವತಿ, ಕೊಪ್ಪಳ ಜಿಲ್ಲೆ