ಹೂವಿನ ಅಕ್ಕನಿಗೆ ಥ್ಯಾಂಕ್ಸ್

ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಬೆಂಗಳೂರಿನ ಶಿವಾಜಿನಗರದ ಬಸಿಲಿಕಾ ಚರ್ಚ್ ಹತ್ತಿರ ದಿಢೀರ್ ಮಳೆ ಬಂದಾಗ ನಿಮ್ಮ ಹೂವಿನ ಗಾಡಿಯ ಟಾರ್ಪಲ್ ಕೆಳಗೆ ಜಾಗ ಕೊಟ್ಟಿರಿ ಅಕ್ಕಾ. ಆ ಜನಜಂಗುಳಿಯಲ್ಲಿ ಹೆಸರು ಕೇಳೋಕೂ ಆಗಲಿಲ್ಲ.

ನನ್ನ ನೋಟ್‌ಬುಕ್ ಮಳೆಗೆ ನೆನೆದುಹೋಗಿತ್ತು. ದಿನಾ ಬೆಳಿಗ್ಗೆ ಬೈಬಲ್ ಓದಿ ನಾಲ್ಕು ಸಾಲು ಬರೆಯುವ ನೋಟ್‌ಬುಕ್ ಅದು. ಇಂಕು ಹರಡುತ್ತಿತ್ತು. ನೀವು ಮಲ್ಲಿಗೆ ಮೊಳ ಹಾಕುವುದನ್ನು ನಿಲ್ಲಿಸಿ, ಸೆರಗಿನಿಂದ ಒಂದೊಂದೇ ಹಾಳೆ ಮೆಲ್ಲಗೆ ಒತ್ತಿ, ಹೂವಿನ ಕವರಿನಲ್ಲಿ ಸುತ್ತಿ, ಬಾಳೆನಾರಿನಲ್ಲಿ ಗಂಟು ಹಾಕಿ ಕೊಟ್ಟಿರಿ. ದುಡ್ಡು ಬೇಡವೇ ಬೇಡ ಅಂದಿರಿ.

ಇಲ್ಲಿನ ಮಾತೆಗೆ ಸೀರೆ ಉಡಿಸುತ್ತಾರೆ, ಗೊತ್ತಲ್ವಾ? ಅದರ ಬಗ್ಗೆ ಬರೆಯೋಕೆ ತುಂಬಾ ದಿನದಿಂದ ಒದ್ದಾಡುತ್ತಿದ್ದೆ. ಅವತ್ತು ರಾತ್ರಿ ಸಲೀಸಾಗಿ ಬರೆದೆ, ನಿಮ್ಮ ಸೆರಗಿನಿಂದಲೇ ಶುರು ಮಾಡಿ. ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಚೆನ್ನಾಗಿಟ್ಟಿರಲಿ. ಅಕ್ಕನ ಪರಿಚಯ ಇರೋರು ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ.